ಚರ್ಮದ ಡಾಕ್ಟರು ವಾರ್ಡಿಗೆ ಬಂದ ದಿನ

ನನ್ನ ಬರಹ ಕಾಗೆಕಾಲು ಗುಬ್ಬಿಕಾಲು, ಓದಿದ್ದು ನಾಲ್ಕನೇ ಕ್ಲಾಸು, ಓದುವವರು ಬೇಸರ ಮಾಡಿಕೊಳ್ಳಬಾರದು. ಆದರೂ ನಮ್ಮ ವಾರ್ಡಿನ ಒಂದು ಮೇಜಿನ ವಿಷಯ ಹೇಳದೆ ಇರಲಾರೆ. ನಾನು ಮೈಸೂರು ಜಿಲ್ಲೆಯ ಕೋಟೆ ತಾಲೂಕಿನ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವವಳು. ಕೊರೊನಾ ಎರಡನೇ ಸಲ ಬಂದಾಗ ವಾರ್ಡಿನಲ್ಲಿ ಒಂದು ಮಂಚವೂ ಖಾಲಿ ಇರುತ್ತಿರಲಿಲ್ಲ, ಇದ್ದರೂ ಗಳಿಗೆ ಹೊತ್ತು. ವಾರ್ಡು ನೋಡುತ್ತಿದ್ದ ಡಾಕ್ಟರುಗಳೇ ಜ್ವರ ಬಂದು ಮಲಗಿದರು. ಆಗ ಓಪಿಡಿಯಲ್ಲಿ ಕೂತು ಚೀಟಿ ಬರೆಯುವ ಡಾಕ್ಟರುಗಳಿಗೆ ನೀವೇ ವಾರ್ಡು ನೋಡಿ ಎಂದು ಆರ್ಡರ್ ಬಂತು. ಅವರಿಗೆ ತರಬೇತಿ ಎಷ್ಟು ಹೊತ್ತು ಅಂತೀರಿ, ಒಂದು ಬೆಳಗ್ಗೆ. ಅಲ್ಲ, ಬೆಳಗ್ಗೆಯೂ ಪೂರ್ತಿ ಅಲ್ಲ, ಹತ್ತೂವರೆಯಿಂದ ಊಟದವರೆಗೆ.

ಮೀಟಿಂಗ್ ಹಾಲ್‌ನಲ್ಲಿ ಕುರ್ಚಿ ಹಾಕಿದವಳು ನಾನು, ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದೆ. ತರಬೇತಿ ಕೊಡಲು ಮೈಸೂರಿನಿಂದ ಬಂದಿದ್ದ ಸಾಹೇಬರು ಗೋಡೆಯ ಮೇಲೆ ಸ್ಲೈಡಿನ ಚಿತ್ರ ಬಿಟ್ಟು ಓದುತ್ತಾ ಹೋದರು. ನಮ್ಮ ವಾರ್ಡಿನ ಸಿಸ್ಟರ್ ಎದ್ದು, "ಸರ್, ಒಂದು ಸಲ ಎಲ್ಲರನ್ನೂ ಮಂಚದ ಹತ್ತಿರ ಕರ್ಕೊಂಡೋಗಿ ತೋರಿಸ್ಬಿಡೋಣ" ಎಂದರು. ಸಾಹೇಬರು ತಲೆಯನ್ನೂ ಎತ್ತಲಿಲ್ಲ. "ಅದೆಲ್ಲಾ ಸ್ಲೈಡಲ್ಲಿ ಇದೆ ಕಣಮ್ಮ, ಕೂತ್ಕೋ." ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದ ಹೆಂಗಸಿಗೆ ಕೂತ್ಕೋ ಎಂದರು. ನನಗೆ ಅವತ್ತು ಹೊತ್ತಿಕೊಂಡ ಸಿಟ್ಟು ಇನ್ನೂ ಆರಿಲ್ಲ.

ಮಧ್ಯಾಹ್ನವೇ ನಮ್ಮ ವಾರ್ಡಿಗೆ ಚರ್ಮದ ಡಾಕ್ಟರಮ್ಮ ಬಂದರು. ಒಳ್ಳೆಯವರು, ಚಿಕ್ಕ ವಯಸ್ಸು, ಕಜ್ಜಿ ತುರಿಕೆಗೆ ಚೀಟಿ ಬರೆದು ಅಭ್ಯಾಸ. ಬಂದವರೇ ಬಾಗಿಲ ಪಕ್ಕದ ಮೇಜಿನ ಮುಂದೆ ಕೂತು, ಪೆನ್ನು ತೆಗೆದು, "ಮುಂದಿನವರನ್ನ ಕಳ್ಸಿ" ಎಂದರು. ಯಾರನ್ನು ಕಳಿಸಲಿ? ಎಲ್ಲರ ಮೂಗಿಗೂ ಆಕ್ಸಿಜನ್ ಪೈಪು. ನಾನು ಮೆಲ್ಲಗೆ, "ಮೇಡಂ, ಇಲ್ಲಿ ಅವ್ರು ಎದ್ದು ಬರಾಕಾಗಕಿಲ್ಲ, ನೀವೇ ಒಸಿ ಎದ್ದು ಬರ್ಬೇಕು" ಎಂದೆ. ಅವರ ಮುಖ ಬಾಡಿಹೋಯಿತು. ನಾನು ಅವರನ್ನು ಬಯ್ಯುವುದಿಲ್ಲ. ಅವರನ್ನು ಹಾಗೆ ತಂದು ಕೂರಿಸಿದವರನ್ನು ಬಯ್ಯುತ್ತೇನೆ.

ನಾಲ್ಕನೇ ಮಂಚದಲ್ಲಿ ಕಾಡಂಚಿನ ಗಿರಿಜನರ ಹಾಡಿಯ ಬೊಳ್ಳಮ್ಮ ಇದ್ದಳು, ಕೂಲಿ ಮಾಡಿ ಬದುಕುವವಳು. ಡಾಕ್ಟರಮ್ಮ ಅವಳನ್ನು ನೋಡಿದರು, ಬರೆದರು, ಮುಂದಕ್ಕೆ ಹೋದರು. ಓಪಿಡಿಯಲ್ಲಿ ಒಂದು ಸಲ ನೋಡಿದರೆ ಮುಗಿಯಿತಲ್ಲ, ಆ ಅಭ್ಯಾಸ. ಸ್ವಲ್ಪ ಹೊತ್ತಿಗೆ ನಾನು ನೆಲ ಒರೆಸುತ್ತಾ ಹೋದರೆ ಬೊಳ್ಳಮ್ಮನ ತುಟಿ ನೀಲಿ, ಬೆರಳಿಗೆ ಹಾಕಿದ್ದ ಮಿಷನ್ನಿನಲ್ಲಿ ನಂಬರು ಇಳಿಯುತ್ತಿದೆ. ಕೂಗಿದೆ. ಡಾಕ್ಟರಮ್ಮ ಓಡಿ ಬಂದು ಆಕ್ಸಿಜನ್ ಹೆಚ್ಚಿಸಿದರು, ಬೋರಲು ಮಲಗಿಸಿ, ಉಸಿರು ಸಲೀಸಾಗುತ್ತೆ ಎಂದರು. ಸ್ಲೈಡಿನಲ್ಲಿ ಅದು ಇತ್ತು, ಸುಳ್ಳು ಹೇಳಬಾರದು. ಆದರೆ ಒಲ್ಲೆ ಎಂದವರನ್ನು ಹೇಗೆ ಮಲಗಿಸಬೇಕು ಎಂದು ಅದರಲ್ಲಿ ಇರಲಿಲ್ಲ.

ಬೊಳ್ಳಮ್ಮ ಮಂಚದ ಕಂಬಿ ಬಿಡಲಿಲ್ಲ. "ಬೋರಲು ಮಲಗಿದ್ರೆ ಮನೆಗೆ ಕೇಡು ಕಣಕ್ಕ. ಇಂಗೆ ಮಲಗಿದ್ರೆ ನಮ್ಮವ್ವ ಬೆನ್ನಿಗೆ ಬಾರಿಸ್ತಿದ್ಲು" ಎಂದು ಏದುಸಿರು ಬಿಡುತ್ತಾ ಹೇಳಿದಳು. ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನಮ್ಮವ್ವನೂ ಹಾಗೇ ಬಾರಿಸುತ್ತಿದ್ದಳು, ಅದು ನನಗೆ ಗೊತ್ತು. ಪಕ್ಕದ ಮಂಚ ಆಗ ತಾನೇ ಖಾಲಿಯಾಗಿತ್ತು. ಮೈತುಂಬಾ ಪ್ಲಾಸ್ಟಿಕ್ ಗೌನು ಹಾಕಿದ್ದವಳು ಹಾಗೇ ಅದರ ಮೇಲೆ ಬೋರಲು ಬಿದ್ದೆ. "ನೋಡ್ಲೇ ಬೊಳ್ಳಿ, ಕೇಡು ಬಂದ್ರೆ ಮೊದ್ಲು ನಮ್ಮನೇಗೆ ಬರ್ಲಿ, ಬುಡು. ನಿಮ್ಮವ್ವ ಕೇಳಿದ್ರೆ ನಾನ್ ಯೋಳ್ತೀನಿ." ಅವಳಿಗೆ ನಗು ಬಂತು, ನಗಲು ಉಸಿರಿಲ್ಲ. ಕಂಬಿ ಬಿಟ್ಟಳು. ನಾನೂ ಡಾಕ್ಟರಮ್ಮನೂ ಸೇರಿ ತಿರುಗಿಸಿ, ಎದೆಯ ಕೆಳಗೆ ದಿಂಬು ಇಟ್ಟೆವು. ಡಾಕ್ಟರಮ್ಮ ಹೋಗಲಿಲ್ಲ, ಆ ನಂಬರನ್ನೇ ನೋಡುತ್ತಾ ಮಂಚದ ಪಕ್ಕ ನಿಂತರು. ಅದು ನಿಧಾನವಾಗಿ ಮೇಲೆ ಬಂತು. ಆಮೇಲೆ ಅವರೇ ಬಾಗಿಲ ಪಕ್ಕದ ಆ ಮೇಜನ್ನು ಎಳೆದು ಹೊರಗೆ ಹಾಕಿದರು.

ಮುಂದಿನ ವಾರ ಇನ್ನಷ್ಟು ಡಾಕ್ಟರುಗಳು ತರಬೇತಿಗೆ ಬಂದರು, ಅದೇ ಮೀಟಿಂಗ್ ಹಾಲ್, ಅದೇ ಗೋಡೆ. ಡಾಕ್ಟರಮ್ಮ ಸಾಹೇಬರನ್ನು ಕೇಳಿದರು, ಈ ಆಯಮ್ಮನಿಗೂ ಸಿಸ್ಟರಿಗೂ ನಾಲ್ಕು ಮಾತು ಹೇಳಲು ಬಿಡಿ ಎಂದು. "ಆಯಾ ಡಾಕ್ಟರಿಗೆ ಪಾಠ ಮಾಡ್ತಾಳೇನ್ರೀ?" ಎಂದು ಸಾಹೇಬರು ನಕ್ಕರು, ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿದೆ. "ನನಗೆ ಪಾಠ ಮಾಡಿದ್ದು ಇವರೇ ಸರ್" ಎಂದರು ಡಾಕ್ಟರಮ್ಮ. ಊಟಕ್ಕೆ ಬಿಟ್ಟ ಹೊತ್ತಿನಲ್ಲಿ ಆ ಡಾಕ್ಟರುಗಳನ್ನೆಲ್ಲಾ ನಾಲ್ಕನೇ ಮಂಚದ ಹತ್ತಿರ ಕರೆದುಕೊಂಡು ಬಂದರು. ಬೊಳ್ಳಮ್ಮ ಅಷ್ಟು ಹೊತ್ತಿಗೆ ಚೇತರಿಸಿಕೊಂಡಿದ್ದಳು. ಯಾರೂ ಹೇಳದೆ ತಾನೇ ಬೋರಲಾಗಿ, ದಿಂಬು ಸರಿ ಮಾಡಿಕೊಂಡು, "ಇಂಗೆ ಕಣ್ರಪ್ಪಾ, ನೋಡ್ಕಳಿ. ನೋಡ್ಬುಟ್ಟು ಓಗ್ಬುಡ್ಬೇಡಿ, ತಿರ್ಗಾ ಬನ್ನಿ" ಎಂದಳು.

ಆಮೇಲೆ ಅವಳು ಪೂರ್ತಿ ವಾಸಿಯಾಗಿ ನಡೆದುಕೊಂಡೇ ಹಾಡಿಗೆ ಹೋದಳು. ಕಲಿಸುವವರು ಮೊದಲು ಮಂಚದ ಹತ್ತಿರ ಇರುವವರನ್ನು ಕೇಳಬೇಕು, ಇಷ್ಟೇ ನನಗೆ ಗೊತ್ತಿರುವುದು. ತಪ್ಪು ಬರೆದಿದ್ದರೆ ಮನ್ನಿಸಿ.