ಓದಿಗೆ ಅಡ್ಡಿ ಯಾರು?

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ತಾತ, ಹೈಸ್ಕೂಲಿನ ಸಮವಸ್ತ್ರ ತೊಟ್ಟ ಅವರ ಮೊಮ್ಮಗಳು ಜಂಗಮಕೋಟೆಯ ಬಸ್ಸಿಗೆ ಕಾಯುತ್ತಿದ್ದರು. ಅವಳ ಕೈಯಲ್ಲಿ ಪ್ರಬಂಧ ಸ್ಪರ್ಧೆಯ ಪ್ರಶಸ್ತಿಪತ್ರವಿತ್ತು. ತಾತ ಅದರತ್ತ ನೋಡಿ ಕೇಳಿದರು:

"ಪಲ್ಲವಮ್ಮ, ಹೆಣ್ಮಕ್ಕಳ ಓದಿಗೆ ಅಡ್ಡಿ ಅಂತ ಬರ್ದಿದ್ದು ನನ್ನನ್ನೇ ಏನಮ್ಮ?"

"ನಾನು ಹೆಸರು ಬರೀಲಿಲ್ಲ ತಾತ."

"ಹೆಸರು ಬೇರೆ ಬೇಕಾ? ರೇಷ್ಮೆ ಹುಳಕ್ಕೆ ಸೊಪ್ಪು ಕುಯ್ಯೋಕೆ ಮೊಮ್ಮಗಳಿಗೆ ಸ್ಕೂಲು ತಪ್ಪಿಸೋನು ಅಂತ ಸ್ಟೇಜ್ ಮೇಲೆ ಓದ್ದೆ. ಮುಂದಿನ ಸಾಲಲ್ಲೇ ಕೂತಿದ್ದೆ ನಾನು!"

"ಸುಳ್ಳಾ ತಾತ?"

"ಸುಳ್ಳಲ್ಲ ಬಿಡು."

"ಮತ್ತೆ ಎಲ್ಲರಿಗಿಂತ ಜೋರಾಗಿ ಯಾಕೆ ಚಪ್ಪಾಳೆ ತಟ್ಟಿದೆ?"

"ನಿಮ್ಮಜ್ಜಿ ನಲವತ್ತು ವರ್ಷದಿಂದ ಬೈತಾವ್ಳೆ ಕಣಮ್ಮ, ಒಂದು ದಿನಾನೂ ತಲೆಗೆ ಹೋಗಿರ್ಲಿಲ್ಲ. ನೀನು ಬೈದಿದ್ದು ಅರ್ಥ ಆಯ್ತು."

ಹುಡುಗಿ ಕಿಲಕಿಲ ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ರಾಜ್ಯಮಟ್ಟದ ಸ್ಪರ್ಧೆ ಮೈಸೂರಲ್ಲಿ. ಮಿಸ್ಸು ಕರ್ಕೊಂಡು ಹೋಗ್ತಾರಂತೆ. ಎರಡು ದಿನ ಸೊಪ್ಪು ಕುಯ್ಯೋರು ಯಾರು?"

"ನಾನಿಲ್ವಾ? ಹೋಗ್ಬಾ. ಆದ್ರೆ ಕೊನೇಲಿ ಒಂದು ಸಾಲು ಸೇರ್ಸು."

"ಏನಂತ?"

"ತಾತ ಈಗ ಸರಿಹೋಗವ್ನೆ ಅಂತ."

"ಮೊದ್ಲು ಸರಿಹೋಗು. ಆಮೇಲೆ ಬರೀತೀನಿ."

ಅಷ್ಟರಲ್ಲಿ ಬಸ್ಸು ಬಂತು. ಬಾಗಿಲಲ್ಲಿ ಜನ ಮುಗಿಬಿದ್ದರು. ತಾತ ಮೊಮ್ಮಗಳನ್ನು ಮುಂದೆ ಬಿಟ್ಟುಕೊಂಡು, ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದರು:

"ಜಾಗ ಬಿಡ್ರಪ್ಪಾ, ಜಿಲ್ಲೆಗೇ ಫಸ್ಟ್ ಬಂದಿರೋ ಮಗು ಹತ್ತಬೇಕು!"