ಇಪ್ಪತ್ತು ಹೆಜ್ಜೆ

ಒಂದೂರಲ್ಲಿ ಒಬ್ಬ ಸಿಸ್ಟರ್ ಇದ್ದಳು. ದಿನಾ ಈ ಪ್ರವಚನದಲ್ಲಿ ನಿಮಗೆ ಶ್ರೀಮಂತನ ಕಥೆ, ರಾಜನ ಕಥೆ ಹೇಳುತ್ತೇನೆ. ನೀವು ತಲೆದೂಗಿ ಆರಾಮಾಗಿ ಮನೆಗೆ ಹೋಗುತ್ತೀರಿ. ಯಾಕೆ? ನಿಮ್ಮಲ್ಲಿ ಯಾರೂ ರಾಜರಲ್ಲ, ಕಥೆಯೊಳಗಿನ ಬೈಗುಳ ನಿಮಗೆ ತಗಲುವುದಿಲ್ಲ. ಇವತ್ತು ಹಾಗೆ ತಪ್ಪಿಸಿಕೊಳ್ಳಲಾಗದು. ಆಸ್ಪತ್ರೆಯ ಮೆಟ್ಟಿಲು ಹತ್ತದವರು ಇಲ್ಲಿ ಯಾರಿದ್ದೀರಿ? ಕೈ ಎತ್ತಿ ನೋಡೋಣ. ಯಾರೂ ಇಲ್ಲ. ಸರಿ, ಹಾಗಾದರೆ ಕೇಳಿ.

ಅವಳ ಹೆಸರು ಚಂದ್ರಕಲಾ. ತಾಲ್ಲೂಕು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದ ಸರ್ವಿಸು. ಮೂವತ್ತು ಹಾಸಿಗೆಯ ವಾರ್ಡು. ಮೂವರು ಇರಬೇಕಾದ ಕಡೆ ಇವಳೊಬ್ಬಳೇ. ಒಬ್ಬಳು ಹೆರಿಗೆ ರಜೆಗೆ ಹೋಗಿದ್ದಳು, ಇನ್ನೊಬ್ಬಳಿಗೆ ವರ್ಗವಾಗಿತ್ತು, ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆದು ಡ್ಯೂಟಿಗೆ ಬರುತ್ತಿದ್ದಳು. ಆ ಅರ್ಧ ಗಂಟೆ ಅವಳದೇ ಆಗಿತ್ತು. ಅಲ್ಲಿ ಯಾರೂ 'ಸಿಸ್ಟರ್' ಎಂದು ಕೂಗುತ್ತಿರಲಿಲ್ಲ. ಆಮೇಲೆ ಸ್ಕೂಟಿ ಬಂತು, ನಡಿಗೆ ಹೋಯಿತು. ಕೆಲಸ ಹೆಚ್ಚಿತು, ನಗು ಹೋಯಿತು. ನಿದ್ದೆಯೂ ಹೋಯಿತು.

ಗಂಡ ಒಂದು ದಿನ ಮೆಲ್ಲಗೆ ಹೇಳಿದ, "ಬೆಳಿಗ್ಗೆ ಎದ್ದು ಒಂದ ಸುತ್ತ ಅಡ್ಡಾಡಿ ಬಾರ. ಮನಸ್ಸ ಹಗುರ ಆಗತದ."

ಅವಳು ಸಿಡಿದಳು. "ದಿನಾ ವಾರ್ಡಿನ್ಯಾಗ ಎಷ್ಟ ತಿರಗತೀನಿ ಗೊತ್ತೈತೇನ ನಿಮಗ? ಮತ್ತ ಅಡ್ಡಾಡೂದು ಬ್ಯಾರೆ!"

ನಿಮಗೂ ಅವಳ ಮಾತು ಸರಿ ಅನ್ನಿಸುತ್ತದೆ, ಅಲ್ಲವೇ? ನೋಡಿ, ಗಾಣದ ಎತ್ತು ದಿನವಿಡೀ ನಡೆಯುತ್ತದೆ. ಅದನ್ನು ಹೊಲಕ್ಕೆ ಮೇಯಲು ಬಿಟ್ಟಂತಾಯಿತೇ? ದುಡಿದು ದಣಿಯುವ ನಡಿಗೆ ಬೇರೆ, ದಣಿವು ಕಳೆಯುವ ನಡಿಗೆ ಬೇರೆ. ಅವಳು ಮೊದಲನೆಯದನ್ನೇ ನಡೆದಳು. ವರ್ಷಗಟ್ಟಲೆ ನಡೆದಳು. ಮೈ ಮರಗಟ್ಟಿತು, ಮನಸ್ಸೂ ಮರಗಟ್ಟಿತು. ರೋಗಿ ನರಳಿದರೆ ಕಿವಿಗೆ ಕೇಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಆ ವಾರ್ಡಿಗೆ ಬಸಲಿಂಗವ್ವ ಎಂಬ ಅಜ್ಜಿ ಬಂದಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೆಳಗಿನ ಎಲುಬು ಮುರಿದಿತ್ತು. ಜಿಲ್ಲಾಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಮುಂದಿನ ಆರೈಕೆಗೆ ಇಲ್ಲಿಗೆ ಕಳಿಸಿದ್ದರು. ಡಾಕ್ಟರರು ಕೇಸ್‌ಶೀಟಿನಲ್ಲಿ ಸ್ಪಷ್ಟವಾಗಿ ಬರೆದಿದ್ದರು: ದಿನಕ್ಕೆ ಎರಡು ಸಲ ವಾಕರ್ ಹಿಡಿಸಿ ನಡೆಸಬೇಕು.

ಮೊದಲ ದಿನ ಬೆಳಿಗ್ಗೆ ಅಜ್ಜಿ ತಲೆ ಬಾಚಿಕೊಂಡು, ಸೀರೆ ಸರಿಮಾಡಿಕೊಂಡು, ಮಂಚದ ಅಂಚಿಗೆ ಕೂತಿದ್ದಳು. "ನರ್ಸಬಾಯಿ, ನಡಸ್ತೀಯೇನವ್ವಾ?"

"ಆಮ್ಯಾಲೆ ಬರ್ತೀನಿ, ಕುಂಡ್ರು."

ಎರಡನೆಯ ದಿನ ಮತ್ತೆ ಕೇಳಿದಳು. "ಇವತ್ತರ ನಡಸ್ತೀಯೇನವ್ವಾ?"

"ಕಾಣವಲ್ತೇನ ನಿನಗ? ನನಗಿರೂವು ಎರಡ ಕೈ, ಹತ್ತಿಲ್ಲ!"

ಮೂರನೆಯ ದಿನ ಅಜ್ಜಿ ಕೇಳಲಿಲ್ಲ. ಆದರೆ ತಲೆ ಬಾಚಿಕೊಂಡೇ ಕೂತಿದ್ದಳು. ಚಂದ್ರಕಲಾ ಆ ಮಂಚದ ಕಡೆ ನೋಡದೆ ದಾಟಿಹೋದಳು. ಮಧ್ಯಾಹ್ನ ಕೇಸ್‌ಶೀಟು ತೆಗೆದು ಮೂರೂ ದಿನದ್ದನ್ನು ಒಂದೇ ಉಸಿರಿನಲ್ಲಿ ತುಂಬಿದಳು. ಹತ್ತು ಹೆಜ್ಜೆ ನಡೆಸಲಾಯಿತು. ಹದಿನೈದು ಹೆಜ್ಜೆ ನಡೆಸಲಾಯಿತು. ಇಪ್ಪತ್ತು ಹೆಜ್ಜೆ ನಡೆಸಲಾಯಿತು. ಬರೆಯುವಾಗ ಕೈ ನಡುಗಲಿಲ್ಲ. ನೋಡಿ, ಅದೇ ಭಯಂಕರ. ಕೈ ನಡುಗಲಿಲ್ಲ!

ನಾಲ್ಕನೆಯ ದಿನ ಡಾಕ್ಟರರು ರೌಂಡ್ಸಿಗೆ ಬಂದರು. ಕೇಸ್‌ಶೀಟು ಓದಿ ಅವರ ಮುಖ ಅರಳಿತು. "ಅಜ್ಜಿ, ಶಾಬಾಸ್! ನಿನ್ನೆ ಇಪ್ಪತ್ತು ಹೆಜ್ಜೆ ನಡೆದೀರಿ? ಎಲ್ಲಿ, ನನಗೂ ತೋರಿಸ್ರಿ ನೋಡೋಣ."

ಅಜ್ಜಿ ಡಾಕ್ಟರರ ಮುಖ ನೋಡಿದಳು. ಆಮೇಲೆ ಚಂದ್ರಕಲಾಳ ಮುಖ ನೋಡಿದಳು. ಮುಗಿಯಿತು, ಈಗ ಮುದುಕಿ ಬಾಯಿ ಬಿಡುತ್ತಾಳೆ, ಇಡೀ ವಾರ್ಡಿನ ಎದುರು ನನ್ನ ಮರ್ಯಾದೆ ಹೋಗುತ್ತದೆ. ಹೀಗೆಂದುಕೊಂಡಳು ಚಂದ್ರಕಲಾ.

ಅಜ್ಜಿ ಹೇಳಿದಳು, "ಹೌದ್ರಿ ಸಾಹೇಬ್ರ. ನಡದೀನಿ. ಪಾಪ, ನರ್ಸಬಾಯಿ ಕೈ ಹಿಡದು ನಡಸ್ಯಾಳ್ರಿ."

ಹೇಳಿ ಸುಮ್ಮನಿರಲಿಲ್ಲ. ಆ ಸುಳ್ಳನ್ನು ನಿಜ ಮಾಡಿ ತೋರಿಸಲು ಎದ್ದಳು. ವಾಕರ್ ಮುಂದೆ ತಂದಿಡುವ ಮೊದಲೇ ಮಂಚಕ್ಕೆ ಕೈಯೂರಿ ಎದ್ದೇಬಿಟ್ಟಳು. ಒಂದು ಹೆಜ್ಜೆ ಇಟ್ಟಳು. ಎರಡನೆಯದಕ್ಕೆ ಕಾಲು ಮಡಚಿತು. ಚಂದ್ರಕಲಾ ನಾಲ್ಕೇ ಮಾರು ದೂರದಲ್ಲಿದ್ದಳು. ಹಾರಿ ಹಿಡಿಯಬೇಕಿತ್ತು. ಸೊಂಟ ಹಿಡಿದುಕೊಂಡಿತು, ಕಾಲು ಏಳಲಿಲ್ಲ. ಅವಳು ಮುಟ್ಟುವಷ್ಟರಲ್ಲಿ ಅಜ್ಜಿ ಬಲಗೈ ಊರಿ ನೆಲಕ್ಕೆ ಬಿದ್ದಿದ್ದಳು. ಮಣಿಕಟ್ಟಿನ ಎಲುಬು ಮುರಿದ ಸದ್ದು ಪಕ್ಕದ ಮಂಚದವರಿಗೂ ಕೇಳಿಸಿತು.

ಅಜ್ಜಿಯ ಮಗ ಮೂರು ದಿನದಿಂದ ಅಲ್ಲೇ ಸ್ಟೂಲಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ. ಅವನು ಈಗ ಎದ್ದು ನಿಂತು ಕೂಗಾಡಿದ. "ಏನ್ ಕೆಲಸ ಮಾಡ್ತೀರಿ ನೀವು? ಪಗಾರ ತಗೋಳ್ಳೂದಿಲ್ಲೇನ?"

ಡಾಕ್ಟರರು ಅವನನ್ನು ಸಮಾಧಾನ ಮಾಡಿದರು. "ವಯಸ್ಸಾಗೇತಿ, ಅಶಕ್ತಿ. ಸಿಸ್ಟರ್ ತಪ್ಪೇನೂ ಇಲ್ಲ."

ಚಂದ್ರಕಲಾ ಆ ಮಾತಿನ ಮರೆಯಲ್ಲೇ ಅಜ್ಜಿಯನ್ನು ಎತ್ತಿ ಮಂಚದ ಮೇಲೆ ಮಲಗಿಸಿದಳು.

ಕೈಗೆ ಪ್ಲಾಸ್ಟರ್ ಹಾಕಿದ ಮೇಲೆ ಅವಳು ಅಜ್ಜಿಯ ಮಂಚದ ಹತ್ತಿರ ಹೋದಳು. ತಲೆ ಎತ್ತಲಾಗಲಿಲ್ಲ. "ಯಾಕ ಸುಳ್ಳ ಹೇಳಿದಿಬೇ? ನನ್ನ ಸಲುವಾಗಿ ಯಾಕ ಎದ್ದಿ?"

ಅಜ್ಜಿ ಎಡಗೈಯಿಂದ ಅವಳ ಸೆರಗು ಹಿಡಿದೆಳೆದು ಮಂಚದ ಮೇಲೆ ಕೂರಿಸಿಕೊಂಡಳು. "ಬಂದಾಗಿಂದ ನೋಡಾಕತ್ತೀನಿ ಯವ್ವಾ, ನೀ ಒಮ್ಮೆನೂ ಕುಂತಿಲ್ಲ. ಒಂದ ತುತ್ತ ಸುದ್ದ ಉಂಡಿದ್ದು ಕಂಡಿಲ್ಲ. ನಿನ್ನ ಮಾರಿ ನೋಡಿ ಕರಳ ಚುರ್ರ್ ಅಂತು. ಅದರ ಮ್ಯಾಲೆ ಮತ್ತ ಸಾಹೇಬ್ರ ಕಡಿಂದ ಬೈಸಲೇನ?"

ಬೈದಿದ್ದರೆ ಚಂದ್ರಕಲಾ ತಡೆದುಕೊಳ್ಳುತ್ತಿದ್ದಳು. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ಇದನ್ನು ಹೇಗೆ ತಡೆದುಕೊಳ್ಳಬೇಕು? ಮೂವತ್ತು ರೋಗಿಗಳ ಎದುರಿಗೆ ಅವಳು ಮುಖ ಮುಚ್ಚಿಕೊಂಡು ಅತ್ತಳು. ಎಷ್ಟೋ ವರ್ಷದ ಮೇಲೆ ಬಂದ ಅಳು ಅದು. ಅತ್ತು, ಮುಖ ತೊಳೆದುಕೊಂಡು, ಡಾಕ್ಟರರ ಕೋಣೆಗೆ ಹೋಗಿ ಕೇಸ್‌ಶೀಟು ಅವರ ಮುಂದಿಟ್ಟಳು.

"ಸರ್, ನಾ ಒಂದ ಹೆಜ್ಜಿನೂ ನಡಸಿಲ್ಲ. ಬರದಿದ್ದೆಲ್ಲ ಸುಳ್ಳು. ಏನ್ ಕ್ರಮ ತಗೋತೀರಿ ತಗೋರಿ."

ಡಾಕ್ಟರರು ಕೇಸ್‌ಶೀಟನ್ನು ಮತ್ತೊಮ್ಮೆ ಓದಿದರು. ಆಮೇಲೆ ಹೇಳಿದರು, "ಒಬ್ಬಾಕೆ ಮೂವತ್ತು ಮಂದೀನ್ನ ಹೆಂಗ ನೋಡ್ತಾಳ ಅಂತ ನಾನೂ ಒಂದಿನ ಕೇಳಲಿಲ್ಲ, ಸಿಸ್ಟರ್. ಕೇಳಿದ್ರ ಉತ್ತರ ನಾನ ಹುಡಕಬೇಕಾಗ್ತಿತ್ತಲ್ಲ, ಅದಕ್ಕ ಕೇಳಲಿಲ್ಲ." ಅವರು ಮೇಲಿನವರಿಗೆ ಎರಡು ಪತ್ರ ಬರೆದರು. ಒಂದು ಚಂದ್ರಕಲಾಳ ತಪ್ಪಿನ ಬಗ್ಗೆ, ಇನ್ನೊಂದು ತಮ್ಮ ತಪ್ಪಿನ ಬಗ್ಗೆ. ಅವಳಿಗೆ ಒಂದು ಎಚ್ಚರಿಕೆಯ ಮೆಮೊ ಬಂತು. ಎರಡು ತಿಂಗಳಾದ ಮೇಲೆ ಒಬ್ಬ ಹೊಸ ನರ್ಸೂ ಬಂದಳು.

ಅಷ್ಟರೊಳಗೆ ಇನ್ನೊಂದು ನಡೆಯಿತು. ದಿನಾ ಡ್ಯೂಟಿ ಮುಗಿದ ಮೇಲೆ ಚಂದ್ರಕಲಾ ಬಟ್ಟೆ ಬದಲಿಸಿಕೊಂಡು ಬಂದು ಅಜ್ಜಿಯ ಎಡ ತೋಳು ಹಿಡಿದು ಅಂಗಳದಲ್ಲಿ ನಡೆಸತೊಡಗಿದಳು. ಮೊದಲ ದಿನ ಐದು ಹೆಜ್ಜೆ. ವಾರ ಕಳೆದ ಮೇಲೆ ಬಾವಿಯ ಕಟ್ಟೆಯವರೆಗೆ. ಅಜ್ಜಿ ಒಳಗೆ ಹೋದ ಮೇಲೂ ಚಂದ್ರಕಲಾ ಒಬ್ಬಳೇ ಇನ್ನೊಂದಿಷ್ಟು ನಡೆಯುತ್ತಿದ್ದಳು. ಯಾರ ಸಲುವಾಗಿಯೂ ಅಲ್ಲ, ಸುಮ್ಮನೆ. ಮೊದಮೊದಲು ಏದುಸಿರು ಬರುತ್ತಿತ್ತು, ನಾಚಿಕೆಯಾಗುತ್ತಿತ್ತು. ಹದಿನೈದು ದಿನಕ್ಕೆ ನಿದ್ದೆ ಹತ್ತಿತು. ತಿಂಗಳಿಗೆ, ರೋಗಿ ನರಳಿದರೆ ಒಳಗೆ ಇಳಿಯತೊಡಗಿತು.

ಕಥೆ ಸುಖಾಂತ ಅಂದುಕೊಂಡಿರಾ? ಇಲ್ಲ. ಅಜ್ಜಿಯ ಕಾಲು ನೆಟ್ಟಗಾಯಿತು, ಮಣಿಕಟ್ಟು ಸೊಟ್ಟವಾಗಿ ಕೂಡಿತು. ಐವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು. ಮತ್ತೆ ಒಂದು ರೊಟ್ಟಿಯನ್ನೂ ಬಡಿಯಲಿಲ್ಲ. ಅಜ್ಜಿ ಕ್ಷಮಿಸಿದಳು. ಕೈ ಕ್ಷಮಿಸಲಿಲ್ಲ. ಚಂದ್ರಕಲಾ ಇವತ್ತಿಗೂ ಎಲ್ಲಿಯಾದರೂ ರೊಟ್ಟಿ ಬಡಿಯುವ ಸದ್ದು ಕೇಳಿದರೆ ತಲೆ ತಗ್ಗಿಸುತ್ತಾಳೆ.

ಈಗ ಹೇಳಿ, ನಾಚಿಕೆ ಪಡಬೇಕಾದವಳು ಅವಳೊಬ್ಬಳೇ ಏನು? ಮೂರು ದಿನ ತಾಯಿಯ ಪಕ್ಕದಲ್ಲಿ ಕೂತಿದ್ದ ಮಗನಿಗೆ ಎರಡು ಕೈ ಇರಲಿಲ್ಲವೇ? 'ಅವ್ವಾ, ಏಳು, ಹೆಂಗ ಹಿಡೀಬೇಕು ಅಂತ ಸಿಸ್ಟರ್‌ನ ಕೇಳೋಣ, ನಾನೇ ಹಿಡೀತೀನಿ' ಎನ್ನಲು ನಾಲಿಗೆ ಇರಲಿಲ್ಲವೇ? ಕೂಗಾಡಲು ಇತ್ತು! ನಗಬೇಡಿ. ಆ ಸ್ಟೂಲಿನ ಮೇಲೆ ನೀವೂ ಕೂತಿದ್ದೀರಿ, ನಾನೂ ಕೂತಿದ್ದೇನೆ. ಸಲೈನ್ ಮುಗಿಯುವ ಮೊದಲೇ 'ಸಿಸ್ಟರ್, ಸಿಸ್ಟರ್' ಎಂದು ಹತ್ತು ಸಲ ಕೂಗಿದ್ದೇನೆ. ಆಕೆ ಉಂಡಿದ್ದಾಳೋ ಇಲ್ಲವೋ ಎಂದು ಒಂದು ಸಲವೂ ಕೇಳಿಲ್ಲ.

ಪರರ ಸೇವೆ ಮಾಡುವವರೇ, ನಿಮಗೆ ಮೊದಲು ಹೇಳುತ್ತೇನೆ. ನರ್ಸಿರಲಿ, ಡಾಕ್ಟರಿರಲಿ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸೊಸೆ ಇರಲಿ. ದಿನಕ್ಕೆ ಅರ್ಧ ಗಂಟೆ ಬಯಲಿಗೆ ಬಂದು ನಡೆಯಿರಿ. ಅದು ಸ್ವಾರ್ಥ ಅಲ್ಲ. ಬೀಳುವವರನ್ನು ಹಿಡಿಯುವ ಕಾಲು ಅದರಿಂದ ಬರುತ್ತದೆ. ಆಗದಿದ್ದುದನ್ನು 'ಆಗಲಿಲ್ಲ' ಎಂದು ಹೇಳಿ, ಆಯಿತು ಎಂದು ಬರೆಯಬೇಡಿ. ಉಳಿದವರೇ, ನಾಳೆಯಿಂದ ಆಸ್ಪತ್ರೆಗೆ ಹೋದರೆ ನಿಮ್ಮ ರೋಗಿಯ ಕೈಯನ್ನು ನೀವೇ ಹಿಡಿಯಿರಿ. ವಾರ್ಡಿನ ಆ ಸಿಸ್ಟರ್‌ಗೆ ಹತ್ತು ನಿಮಿಷ ಕೂತು ಉಣ್ಣಲು ಬಿಡಿ. ಮನೆಯಲ್ಲಿ ಹಗಲಿಡೀ ನಿಂತೇ ಇರುವವಳನ್ನು ಸಂಜೆ ಹೊರಗೆ ಕಳಿಸಿ, ಒಲೆಯ ಮುಂದೆ ನೀವು ನಿಲ್ಲಿ.

ನಾಳೆಯವರೆಗೆ ಯಾಕೆ? ಹಿಂದೆ ತಿರುಗಿ ನೋಡಿ. ಬಾಗಿಲ ಹತ್ತಿರ ಇಬ್ಬರು ಆಶಾ ಕಾರ್ಯಕರ್ತೆಯರು ಸಂಜೆ ನಾಲ್ಕು ಗಂಟೆಯಿಂದ ಔಷಧಿ ಪೆಟ್ಟಿಗೆ ಹಿಡಿದು ನಿಂತಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ತಲೆಸುತ್ತು ಬಂದೀತು ಅಂತ. ಎರಡು ತಾಸಿನಿಂದ ಸೇವೆಯ ಬಗ್ಗೆ ಕೇಳುತ್ತಿದ್ದೀರಿ, ಒಬ್ಬರೂ ಜಾಗ ಬಿಟ್ಟಿಲ್ಲ. ಮೈಕಿನ ಮುಂದೆ ಕೂತ ನನಗೂ ಈಗಲೇ ಕಂಡದ್ದು.

ತಂಗಿಯರೇ, ಆ ಪೆಟ್ಟಿಗೆ ಕೆಳಗಿಡಿ. ಸರಿಯಿರಪ್ಪಾ, ಸರಿಯಿರಿ. ಮೊದಲು ಅವರು ಕೂರಲಿ.