ಕಿತ್ತುಕೊಳ್ಳಲಿಕ್ಕೊಂದು ಬಂದೂಕು

ದಕ್ಷಿಣ ಆಫ್ರಿಕಾದ ಡಂಡಿ ಪೇಟೆಯಿಂದ ಹೊರಟ ವ್ಯಾನಿನ ಹಿಂದಿನ ಸೀಟಿನಲ್ಲಿ ಜೋದ್ವಾ ಕಣ್ಣು ಮುಚ್ಚಿ ಕೂತಿದ್ದಳು. ಮುಂದಿನ ಸೀಟಿನ ಗಂಡಹೆಂಡತಿ ಅವಳಿಗೆ ನಿದ್ದೆ ಮಾಡಗೊಡಲಿಲ್ಲ. ಗಂಡ, ಮುದುಕ ಸಿತೋಲೆಯ ತೊಡೆಯ ಮೇಲೆ ಕಂಬಳಿ ಸುತ್ತಿದ ಉದ್ದನೆಯ ಗಂಟಿತ್ತು.

"ಒಳ್ಳೇ ಮೇಕೆ ಮಾರಿ ಈ ಬಂದೂಕು ತಂದ್ರಲ್ಲ. ಗುಂಡೂ ಹಾರಲ್ಲ," ಎಂದಳು ಹೆಂಡತಿ ಮಾದೂಬೆ.

"ಅಸಲಿ ಬೇಕಂದ್ರೆ ಐದು ಹಸು ಮಾರ್ಬೇಕಿತ್ತು, ಮಾದೂಬೆ. ನಕಲಾದ್ರೂ ತೂಕ ನೋಡು. ಆಗಿನ ಇಂಗ್ಲಿಷ್ ಸಿಪಾಯಿಗಳದ್ದು ಹೀಗೇ ಇತ್ತು, ಒಂದ್ಸಲಕ್ಕೆ ಒಂದೇ ಗುಂಡು."

"ಶನಿವಾರ ಇಸಾಂಡ್ಲ್ವಾನಾ ಯುದ್ಧ ಆಡಿ ತೋರಿಸುವಾಗ ನೀವು ಇಂಗ್ಲಿಷರನ್ನ ಗೆಲ್ಲೋ ಜುಲು ಕಡೆಯವರು. ಈಟಿ ಹಿಡಿಯೋರಿಗೆ ಬಂದೂಕು ಯಾಕೆ?"

"ನನಗಲ್ಲ. ಸಿಪಾಯಿ ವೇಷ ಹಾಕ್ತಾನಲ್ಲ ಬಿಳಿ ಮೇಷ್ಟ್ರು, ಅವನಿಗೆ."

"ಶತ್ರುಗೆ ನೀವೇ ಬಂದೂಕು ಕೊಡ್ಸೋದಾ?"

"ಹೋದ ವರ್ಷ ಅವನು ಪೊರಕೆ ಕೋಲಿಗೆ ಬಣ್ಣ ಬಳಿದು ತಂದಿದ್ದ. ನಾನದನ್ನ ಕಿತ್ಕೊಂಡಾಗ ಜನ ನಕ್ಕುಬಿಟ್ರು."

ಮುದುಕ ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡ.

"ನಮ್ಮ ಮುತ್ತಜ್ಜ ಅವತ್ತು ನಿಜವಾದ ಯುದ್ಧದಲ್ಲಿ ಕಿತ್ಕೊಂಡಿದ್ದು ಪೊರಕೆ ಅಲ್ಲ, ಮಾದೂಬೆ."

ವ್ಯಾನು ನಿಂತಿತು. ಮುದುಕ ಗಂಟು ಹಿಡಿದು ಇಳಿದು, ಊರವರ ಕಣ್ಣಿಗೆ ಬೀಳದ ಹಿತ್ತಲ ದಾರಿಯತ್ತ ತಿರುಗಿದ.

"ಆ ಕಡೆ ಎಲ್ಲಿಗೆ? ಕಂಬಳಿ ಬಿಚ್ಚಿ ನನ್ನ ಕೈಗೆ ಕೊಡಿ," ಎಂದಳು ಹೆಂಡತಿ. "ಅಂಗಡಿ ಬೀದೀಲೇ ಹೋಗೋಣ."